ಹತ್ತು ಮಂದಿಯ ಹುಲ್ಲುಕಡ್ಡಿ

ಬೆಂಗಳೂರಿನ ಚರಿತ್ರೆಯನ್ನು ಬರೆಯುವವರು ಕೆಂಪೇಗೌಡರ ಗೋಪುರಗಳನ್ನಾಗಲಿ, ಟಿಪ್ಪುವಿನ ಅರಮನೆಯನ್ನಾಗಲಿ, ದಂಡಿನ ಪರೇಡ್ ಮೈದಾನವನ್ನಾಗಲಿ ಮರೆಯುವುದಿಲ್ಲ. ಸೋಲದೇವನಹಳ್ಳಿಯನ್ನು ಮಾತ್ರ ಸಾಮಾನ್ಯವಾಗಿ ಮರೆಯುತ್ತಾರೆ. ಹೆಸರಘಟ್ಟದ ರಸ್ತೆಯಲ್ಲಿ ಹೋಗುವವರಿಗೂ ತುಮಕೂರಿನ ಕಡೆಯ ರೈಲಿನಲ್ಲಿ ಕೂತವರಿಗೂ ಅದು ಒಂದು ನಿಲ್ದಾಣದ ಹೆಸರು, ಅಷ್ಟೆ. ಆದರೆ ನಗರದ ಮಂದಿ ಕೊಳಾಯಿ ತಿರುಗಿಸಿ ಮೊದಲ ಬಾರಿಗೆ ನೀರು ಹಿಡಿದದ್ದು ಈ ಊರಿನ ಉಪಕಾರದಿಂದ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕಿದರು. ಅಲ್ಲಿಂದ ನೀರು ಇಟ್ಟಿಗೆಯ ಕಾಲುವೆಯಲ್ಲಿ ತನ್ನಷ್ಟಕ್ಕೆ ತಾನೇ ಇಳಿಜಾರು ಹಿಡಿದು ಸೋಲದೇವನಹಳ್ಳಿಯವರೆಗೆ ಬರುತ್ತಿತ್ತು. ಮುಂದೆ ಏರು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹಾಗಾಗಿ ಮೊದಲ ವರ್ಷಗಳಲ್ಲಿ ಸೋಲದೇವನಹಳ್ಳಿಯ ಪಂಪುಮನೆಯ ಯಂತ್ರಗಳು ಓಡಿದ್ದು ಹಬೆಯ ಬಲದಿಂದ. ಅವು ನೀರನ್ನು ಎತ್ತಿ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರಿಗೆ ತಳ್ಳುತ್ತಿದ್ದವು. 1896ರಲ್ಲಿ ನಗರಕ್ಕೆ ಹೀಗೆ ನೀರು ಬಂತು. ಮಹಾರಾಜರ ಹೆಸರಿನಲ್ಲಿ ಅದನ್ನು ಚಾಮರಾಜೇಂದ್ರ ಜಲ ಕಾಮಗಾರಿ ಎಂದು ಕರೆದರು.

ಇದನ್ನು ನೆನೆಯುವುದಕ್ಕೆ ಕಾರಣ ಇಂಜಿನಿಯರಿಂಗ್ ಅಲ್ಲ. ಹಳ್ಳಿಯ ನೆಲದಲ್ಲಿ ನಿಂತ ನೀರು ಹಳ್ಳಿಯದೇ ಎಂಬ, ಯಾರೂ ಬರೆದಿಡದಿದ್ದರೂ ಎಲ್ಲರೂ ನಂಬಿದ್ದ ಒಂದು ಲೆಕ್ಕಾಚಾರ ಆ ಇಟ್ಟಿಗೆಯ ಕಾಲುವೆಯಲ್ಲಿ ಹರಿದುಹೋಯಿತು. ಪೇಟೆಯ ಧರ್ಮಾಂಬುಧಿ ಕೆರೆ ಕೊನೆಗೆ ಬಸ್ ನಿಲ್ದಾಣವಾಯಿತು. ಆ ಕೆರೆಯ ಹೆಸರಿನಲ್ಲೇ ಧರ್ಮವಿತ್ತು. ಕೊಳಾಯಿಗೆ ಅಂಥ ಹೆಸರು ಬೇಕಾಗಲಿಲ್ಲ. ಕೊಳಾಯಿಯಿಂದ ಊರಿಗೆ ಒಳ್ಳೆಯದಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಒಂದು ವ್ಯವಸ್ಥೆ ಹೋಗಿ ಇನ್ನೊಂದು ಬಂದಾಗ ಹೋದದ್ದರ ಲೆಕ್ಕವನ್ನು ಯಾರೂ ಇಡುವುದಿಲ್ಲ ಎಂಬುದಷ್ಟೇ ನನ್ನ ಮಾತು.

1991ರ ಆರ್ಥಿಕ ನೀತಿಯ ನಂತರ ನಮ್ಮಲ್ಲಿ ಒಂದು ಮಾತು ಬಹಳ ಬಳಕೆಗೆ ಬಂತು: ಇನ್ನು ಬೇರೆ ದಾರಿಯೇ ಇಲ್ಲ. ಮಾರುಕಟ್ಟೆ ಹೇಳಿದ ಬೆಲೆಯೇ ಬೆಲೆ, ಬಂಡವಾಳ ಹೋದ ದಿಕ್ಕೇ ದಿಕ್ಕು. ಹಿಂದೆ ರಷ್ಯಾದ ಕಡೆಗೆ ಬೆರಳು ತೋರಿಸುತ್ತಿದ್ದವರು ಅದೇ ವರ್ಷ ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ ಮಾತು ಕಳೆದುಕೊಂಡರು. ಬದಲಿ ಎಂದರೆ ಒಂದು ದೊಡ್ಡ ರಾಜ್ಯ, ಒಂದು ದೊಡ್ಡ ಯೋಜನೆ, ಒಂದು ದೊಡ್ಡ ಪುಸ್ತಕ ಎಂದು ತಿಳಿದವರಿಗೆ ಹೀಗಾಗುವುದು ಸಹಜ. ಆದರೆ ಕನ್ನಡ ನಾಡಿನ ಚರಿತ್ರೆಯಲ್ಲಿ ಬದಲಿಗಳು ಪುಸ್ತಕದಿಂದ ಇಳಿದು ಬಂದದ್ದು ಕಡಿಮೆ. ಕೆರೆಯ ಏರಿಯ ಮೇಲೆ, ಸಾಲದ ಚೀಟಿಯ ಎದುರು, ಹಾಲಿನ ಕ್ಯಾನಿನ ಪಕ್ಕ ಅವು ಹುಟ್ಟಿವೆ. ಅವುಗಳಲ್ಲಿ ಕೆಲವನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಬೇಕು. ಗೆದ್ದದ್ದನ್ನೂ ನೋಡಬೇಕು, ಸೋತದ್ದನ್ನೂ ನೋಡಬೇಕು.

ಮೊದಲು ಕೆರೆ. ಹಳೆಯ ಮೈಸೂರು ಸೀಮೆಯಲ್ಲಿ ಮಳೆಯ ನೀರು ಒಂದು ಕೆರೆಯಿಂದ ಕೋಡಿ ಬಿದ್ದು ಇನ್ನೊಂದಕ್ಕೆ ಸೇರುವಂತೆ ಸಾವಿರಾರು ಕೆರೆಗಳ ಸರಪಳಿಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರಿಗೆ, ಇನ್ನೊಂದು ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನಿಸಿತ್ತು. ಅಷ್ಟು ಕೆರೆಗಳನ್ನು ಒಬ್ಬ ಅರಸ ಕಟ್ಟಿಸಿದ್ದಲ್ಲ, ಒಂದು ಇಲಾಖೆ ನೋಡಿಕೊಂಡದ್ದೂ ಅಲ್ಲ. ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಕೆರೆಯ ಕೆಳಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಬರುವ ಬಿಟ್ಟುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳ ಅರ್ಥ ಇದು. ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ಮಳೆ ಕಡಿಮೆಯಾದ ವರ್ಷ ಎಲ್ಲರ ಗದ್ದೆಗೂ ನೀರು ಸಾಲದೆಂದು ಕಂಡರೆ ನಾಟಿಯ ವಿಸ್ತಾರವನ್ನೇ ಇಳಿಸುತ್ತಿದ್ದರು. ಇದ್ದುದರಲ್ಲಿ ಹಂಚಿಕೊಳ್ಳುವುದು, ಇಲ್ಲದ್ದನ್ನೂ ಹಂಚಿಕೊಳ್ಳುವುದು.

ನೀರುಗಂಟಿಗೆ ಸಂಬಳವಿರಲಿಲ್ಲ. ಕಣದಲ್ಲಿ ರಾಶಿಯಾದಾಗ ಅವನ ಪಾಲು ಬರುತ್ತಿತ್ತು. ಹಾಗೆಯೇ ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ತೋಟಿ. ಆಯಗಾರರೆಂದು ಕರೆಸಿಕೊಂಡ ಇವರೆಲ್ಲರ ಕೂಲಿ ಬೆಳೆಯ ಒಂದು ಭಾಗ. ಬೆಳೆ ಚೆನ್ನಾಗಿ ಬಂದರೆ ಪಾಲು ಹೆಚ್ಚು, ಕೆಟ್ಟರೆ ಕಡಿಮೆ. ಊರಿನ ಅದೃಷ್ಟಕ್ಕೂ ಕಮ್ಮಾರನ ಹೊಟ್ಟೆಗೂ ನಡುವೆ ಮಾರುಕಟ್ಟೆಯ ಗೋಡೆ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸುಳ್ಳಾಗುತ್ತದೆ. ತೂಬಿಗೆ ಇಳಿಯುವ ನೀರುಗಂಟಿ ಅನೇಕ ಊರುಗಳಲ್ಲಿ ದಲಿತ. ಇಡೀ ಊರಿನ ನೀರಿನ ನ್ಯಾಯ ಅವನ ಕೈಯಲ್ಲಿತ್ತು. ಆದರೆ ಊರಿನ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕು ಅವನ ಮನೆಯವರಿಗಿರಲಿಲ್ಲ. ಕಣದ ಪಾಲನ್ನು ಕೊಡುವ ಕೈ ಮೇಲಿತ್ತು, ಪಡೆಯುವ ಕೈ ಕೆಳಗಿತ್ತು, ಮತ್ತು ಯಾರ ಕೈ ಎಲ್ಲಿರಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ನೀರನ್ನು ಹಂಚಲು ಬಲ್ಲ ಸಮಾಜಕ್ಕೆ ಮರ್ಯಾದೆಯನ್ನು ಹಂಚಲು ಬರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಆಡಿದ್ದು ಈ ಗಾಯಕ್ಕೆ ಕೈ ಹಾಕಿಯೇ. ಯಾವ ಕೆಲಸವೂ ಕೀಳಲ್ಲ, ಗಳಿಸಿದ್ದು ಗಳಿಸಿದವನೊಬ್ಬನದೇ ಅಲ್ಲ. ಅಷ್ಟು ಹೇಳಿದ್ದಕ್ಕೆ ಕಲ್ಯಾಣ ಉರಿಯಿತು. ಆದ್ದರಿಂದ ಹಳೆಯ ಹಳ್ಳಿಗೆ ಮರಳುವುದೇ ಬದಲಿ ಎಂದು ಯಾರಾದರೂ ಹೇಳಿದರೆ, ಯಾವ ಮನೆಯಿಂದ ನಿಂತು ಹೇಳುತ್ತಿದ್ದೀರಿ ಎಂದು ಕೇಳಬೇಕಾಗುತ್ತದೆ.

ಎರಡನೆಯದು ಸಾಲದ ಕಥೆ. ಬ್ರಿಟಿಷರು ಕಂದಾಯವನ್ನು ನಗದಿನಲ್ಲಿ, ಗೊತ್ತಾದ ದಿನಕ್ಕೆ ಕೇಳತೊಡಗಿದ ಮೇಲೆ ರೈತನ ಬದುಕಿನ ಮಧ್ಯಕ್ಕೆ ಸಾಹುಕಾರ ಬಂದು ಕೂತ. ಹಿಂದೆಯೂ ಅವನು ಇದ್ದ. ಆದರೆ ಈಗ ಅವನ ಹಿಂದೆ ಕೋರ್ಟಿತ್ತು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರದ ಸೀಮೆಯಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಮರುವರ್ಷವೇ ದಕ್ಷಿಣದಲ್ಲಿ ಧಾತು ಈಶ್ವರದ ಮಹಾಕ್ಷಾಮ ಶುರುವಾಯಿತು. 1878ರವರೆಗೆ ನಡೆದ ಅದರಲ್ಲಿ ಮೈಸೂರು ಸಂಸ್ಥಾನ ಲಕ್ಷ ಲಕ್ಷ ಜನರನ್ನು ಕಳೆದುಕೊಂಡಿತು. ಸಾಲಕ್ಕೆ ಏನಾದರೂ ಮಾಡಲೇಬೇಕೆಂದು ಸರ್ಕಾರಕ್ಕೂ ಅನ್ನಿಸಿತು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್‌ಸನ್ ಯುರೋಪಿಗೆ ಹೋಗಿ ನೋಡಿಬಂದು ವರದಿ ಬರೆದರು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬಾತ ಕಟ್ಟಿದ್ದ ಸಣ್ಣ ಸಾಲದ ಸಂಘಗಳು ಅವರ ಮನಸ್ಸಿಗೆ ಹಿಡಿಸಿದ್ದವು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಇಪ್ಪತ್ತೆಂಟು ಮಂದಿ ಸೇರಿ ತೆರೆದ ಅಂಗಡಿಯ ಕಥೆಯೂ ಆ ಹೊತ್ತಿಗೆ ಲೋಕಕ್ಕೆಲ್ಲ ಗೊತ್ತಿತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು.

ಕಾಯಿದೆ ಬರುವುದು ಬೇರೆ, ಅದನ್ನು ನಂಬಿ ಹತ್ತು ಜನ ಮುಂದೆ ಬರುವುದು ಬೇರೆ. ಮುಂದೆ ಬಂದದ್ದು ಕಣಗಿನಹಾಳ. ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಈಗ ಗದಗ ಜಿಲ್ಲೆ. ಆ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ 1905ರಲ್ಲಿ ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಯಿತು. ಅದೇ ವರ್ಷ ಮೈಸೂರು ಸಂಸ್ಥಾನ ತನ್ನದೇ ಸಹಕಾರ ಕಾಯಿದೆ ಮಾಡಿಕೊಂಡಿತು. ಎರಡು ಬೇರೆ ಬೇರೆ ಆಡಳಿತಗಳ ಕೆಳಗಿದ್ದ ಕನ್ನಡದ ಜನ ಒಂದೇ ವರ್ಷ ಒಂದೇ ದಾರಿಗೆ ಬಂದರು.

ಆ ಮೊದಲ ಕಾಯಿದೆಯ ಕಟ್ಟಳೆಗಳನ್ನು ಇಂದು ಓದಿದರೆ ಆಶ್ಚರ್ಯವಾಗುತ್ತದೆ. ಸಂಘ ಕಟ್ಟಲು ಹತ್ತು ಜನ ಸಾಕು. ಅವರು ಒಂದೇ ಊರಿನವರಾಗಿರಬೇಕು, ಇಲ್ಲವೇ ಒಂದೇ ವರ್ಗದ, ಒಂದೇ ಜಾತಿಯವರಾಗಿರಬೇಕು. ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿಯಿಲ್ಲ; ಒಬ್ಬ ತೀರಿಸದಿದ್ದರೆ ಉಳಿದವರೆಲ್ಲರ ಆಸ್ತಿಯೂ ಆ ಸಾಲಕ್ಕೆ ಬಾಧ್ಯ. ಹಳ್ಳಿಯ ಸಂಘಕ್ಕೆ ಬಂದ ಲಾಭವನ್ನು ಸದಸ್ಯರು ಸಲೀಸಾಗಿ ಹಂಚಿಕೊಳ್ಳುವಂತಿರಲಿಲ್ಲ. ಅದು ಆಪದ್ಧನಕ್ಕೆ ಸೇರಬೇಕು. ಇವುಗಳ ಜೊತೆಗೆ ಸಹಕಾರದ ಎಲ್ಲ ಕಡೆಯ ನಿಯಮ: ಎಷ್ಟೇ ಷೇರಿರಲಿ, ಒಬ್ಬನಿಗೆ ಒಂದೇ ಓಟು.

ಇದು ಬರಿಯ ಸಾಲ ಕೊಡುವ ಉಪಾಯವಲ್ಲ. ಬಂಡವಾಳದ ಲೋಕದಲ್ಲಿ ದುಡ್ಡಿಗೆ ಓಟಿದೆ, ಇಲ್ಲಿ ಮನುಷ್ಯನಿಗೆ. ಅಲ್ಲಿ ಅಡವಿಗೆ ಇಡುವುದು ಹೊಲ. ಇಲ್ಲಿ ಅದರ ಜೊತೆಗೆ ನೆರೆಯವನ ನಂಬಿಕೆ. ಪಕ್ಕದ ಹೊಲದವನು ಸಾಲ ತಂದು ಎತ್ತು ಕೊಂಡನೋ ಮದುವೆಗೆ ಸುರಿದನೋ ಎಂಬುದು ನನಗೆ ಸಂಬಂಧಿಸಿದ ವಿಷಯವಾಗುತ್ತದೆ, ಏಕೆಂದರೆ ಅವನ ಸಾಲ ನನ್ನ ಸಾಲ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮಲ್ಲಿ ಇದ್ದೇ ಇತ್ತು. ಆ ಗಾದೆಗೆ ಒಂದು ರಿಜಿಸ್ಟರು, ಒಂದು ಮೊಹರು, ಒಂದು ಲೆಕ್ಕದ ಪುಸ್ತಕ ಸಿಕ್ಕಿತು.

ಮುಂದೆ ಏನಾಯಿತು? ಸಂಘಗಳು ಸಾವಿರ ಸಾವಿರ ಹುಟ್ಟಿದವು. ಆದರೆ ಸ್ವಾತಂತ್ರ್ಯ ಬಂದ ಮೇಲೆ, 1951–52ರಲ್ಲಿ, ರಿಸರ್ವ್ ಬ್ಯಾಂಕು ಇಡೀ ದೇಶದ ಗ್ರಾಮೀಣ ಸಾಲದ ಸಮೀಕ್ಷೆ ನಡೆಸಿದಾಗ ರೈತ ತಂದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ ಎಂದು ತಿಳಿಯಿತು. ಅರ್ಧ ಶತಮಾನದ ಕೆಲಸ, ನೂರಕ್ಕೆ ಮೂರು! ಸಹಕಾರ ಸೋತಿದೆ, ಆದರೆ ಅದು ಗೆಲ್ಲಲೇಬೇಕು ಎಂಬರ್ಥದ ತೀರ್ಮಾನಕ್ಕೆ ಆ ವರದಿ ಬಂತು. ಸೋಲಿನ ಕಾರಣಗಳನ್ನು ತಿಳಿಯಲು ದೊಡ್ಡ ವರದಿಯೇನೂ ಬೇಕಿರಲಿಲ್ಲ. ಸಾಲಕ್ಕೆ ಆಧಾರ ಭೂಮಿ. ಭೂಮಿಯಿಲ್ಲದವನಿಗೆ ಸಂಘದ ಬಾಗಿಲು ತೆರೆದಿದ್ದರೂ ಒಳಗೆ ಅವನಿಗೆ ಕೆಲಸವಿರಲಿಲ್ಲ. ಊರಿನ ಯಜಮಾನನೇ ಸಂಘದ ಅಧ್ಯಕ್ಷ, ಎಷ್ಟೋ ಕಡೆ ಅವನೇ ಬಡ್ಡಿಗೆ ಕೊಡುವವನೂ ಆಗಿದ್ದ. ಓಟು ಒಂದೇ ಆದರೂ ಜಗಲಿ ಒಂದೇ ಆಗಿರಲಿಲ್ಲ. ಕೆರೆಯ ಏರಿಯ ಮೇಲೆ ಕಂಡ ಕಾಯಿಲೆ ಸಂಘದ ಕೋಣೆಗೂ ಬಂದಿತ್ತು.

ಹಾಗಾದರೆ ಭೂಮಿಯನ್ನೇ ಹಂಚಿಕೊಂಡರೆ? ಈ ಪ್ರಶ್ನೆಯನ್ನೂ ಈ ನಾಡು ಕೇಳಿಕೊಂಡಿದೆ, ಅದೂ ಸಣ್ಣ ದನಿಯಲ್ಲಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು, ಎಚ್. ಗಣಪತಿಯಪ್ಪನವರು ಅದರ ಹಿಂದಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ವರ್ಷ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭೂದಾನ ಆರಂಭಿಸಿದರು. ಭೂದಾನ ಬೆಳೆದು ಗ್ರಾಮದಾನವಾಯಿತು: ಹೊಲ ಒಬ್ಬೊಬ್ಬನದಲ್ಲ, ಊರಿನದು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಈ ಬಗ್ಗೆ ಒಂದು ಸಮ್ಮೇಳನ ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಬಂದಿದ್ದರು, ಪ್ರಧಾನಿ ನೆಹರೂ ಬಂದಿದ್ದರು, ಕೇರಳದಲ್ಲಿ ಆಗಷ್ಟೇ ಕಮ್ಯುನಿಸ್ಟ್ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ನಂಬೂದಿರಿಪಾಡರೂ ಬಂದಿದ್ದರು. ಕಾಂಗ್ರೆಸ್ಸಿನವರೂ ಕಮ್ಯುನಿಸ್ಟರೂ ಸಂತನೊಬ್ಬನ ಎದುರು ಕೂತು, ಭೂಮಿಯ ಖಾಸಗಿ ಒಡೆತನವನ್ನು ಊರೇ ಒಪ್ಪಿ ಬಿಟ್ಟುಕೊಡುವುದು ಒಳ್ಳೆಯದು ಎಂದು ಒಂದೇ ದನಿಯಲ್ಲಿ ಹರಸಿದರು. ಇಂದು ಅಂಥ ಸಭೆಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಅದರಿಂದ ದೊಡ್ಡ ಬದಲಾವಣೆಯಾಗಲಿಲ್ಲ, ನಿಜ. ಕೊಟ್ಟ ಭೂಮಿಯಲ್ಲಿ ಬಹಳಷ್ಟು ಕಾಗದದಲ್ಲೇ ಉಳಿಯಿತು. ಮನಸ್ಸು ಕರಗುವ ತನಕ ಕಾಯುವಷ್ಟು ಹೊತ್ತು ಹಸಿದವನಿಗಿರುವುದಿಲ್ಲ.

ಕರಗದ ಮನಸ್ಸಿಗೆ ಕಾನೂನು ಬಂತು. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ ಗೇಣಿ ಪದ್ಧತಿಯನ್ನು ಮುಗಿಸಿತು. ತಾಲ್ಲೂಕಿಗೊಂದರಂತೆ ಭೂ ನ್ಯಾಯಮಂಡಳಿಗಳು ಕೂತವು; ಉಳುವವನು ಒಂದು ಅರ್ಜಿ ಹಿಡಿದು ಒಡೆಯನ ಸಮಕ್ಕೆ ನಿಂತ. ಕರಾವಳಿ, ಮಲೆನಾಡುಗಳ ಬದುಕು ಒಂದು ತಲೆಮಾರಿನಲ್ಲಿ ಬದಲಾಯಿತು. ಆದರೆ ಇದೂ ಭೂಮಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟಿತೇ ಹೊರತು ಭೂಮಿ ಎಂದರೆ ಏನು ಎಂಬುದನ್ನು ಬದಲಾಯಿಸಲಿಲ್ಲ. ಗೇಣಿಯೇ ಇಲ್ಲದ ಕೂಲಿಯವನಿಗೆ ಇದರಿಂದ ಸಿಕ್ಕಿದ್ದು ಕಡಿಮೆ.

ಕೂಲಿಯವರು ತಾವೇ ಒಡೆಯರಾದ ಒಂದು ಸಣ್ಣ ಕಥೆಯೂ ಇದೆ, ಅದು ನಡೆದದ್ದು ಬೆಂಗಳೂರಿನಲ್ಲೇ. 1950ರ ದಶಕದಲ್ಲಿ ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸ ಹೋಗುವುದರಲ್ಲಿದ್ದ ಮಾಣಿಗಳೂ ಅಡುಗೆಯವರೂ, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ, ಹೋಟೆಲುಗಳನ್ನು ತಮಗೇ ಕೊಡಿ ಎಂದು ಕೇಳಿದರು. ಅವರ ಮೊದಲ ಸಹಕಾರಿ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸಿನಲ್ಲಿ ಕಾಫಿ ಕುಡಿಯುತ್ತ ಕ್ರಾಂತಿಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿದವರು ಎಷ್ಟೋ ಜನ. ಲೋಟ ತಂದಿಟ್ಟು ಹೋಗುತ್ತಿದ್ದ ಪೇಟದ ಮಾಣಿಯೇ ಆ ಸಂಸ್ಥೆಯ ಮಾಲೀಕರಲ್ಲಿ ಒಬ್ಬ ಎಂಬುದು ಅವರಲ್ಲಿ ಎಷ್ಟು ಜನರ ತಲೆಗೆ ಹೊಳೆದಿತ್ತೋ! ಆ ಹೋಟೆಲು 2009ರಲ್ಲಿ ಆ ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಸಂಘ ಕೈಯಲ್ಲಿತ್ತು, ಕಾಲ ಕೆಳಗಿನ ನೆಲ ಕೈಯಲ್ಲಿರಲಿಲ್ಲ. ಈ ಮಾತನ್ನು ಮುಂದಕ್ಕೆ ನೆನಪಿನಲ್ಲಿಡಬೇಕು.

ಇನ್ನು ಹಾಲು. ಈ ವಿಷಯದಲ್ಲಿ ಸೋಲದೇವನಹಳ್ಳಿಯ ನೆರೆಯ ಹೆಸರಘಟ್ಟಕ್ಕೆ ಮತ್ತೆ ಹೋಗಬೇಕು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಅಲ್ಲಿ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಕೇಂದ್ರ ಆರಂಭವಾಯಿತು. ನಾಟಿ ಹಸುಗಳ ಸೀಮೆಗೆ ಮಿಶ್ರತಳಿ ಹರಡುವುದಕ್ಕೆ ದಾರಿಯಾದ ಸಂಸ್ಥೆಗಳಲ್ಲಿ ಅದೂ ಒಂದು. ಡೆನ್ಮಾರ್ಕಿನವರು ಬಂದದ್ದರಲ್ಲಿ ಒಂದು ಸ್ವಾರಸ್ಯವಿದೆ. 1882ರಷ್ಟು ಹಿಂದೆಯೇ ಅಲ್ಲಿನ ರೈತರು ಸಹಕಾರಿ ಡೇರಿ ಕಟ್ಟಿ, ಸಣ್ಣ ಸಣ್ಣ ಹಿಡುವಳಿಗಳಿಂದಲೇ ದೇಶವನ್ನು ಬೆಣ್ಣೆಯ ದೇಶ ಮಾಡಿದ್ದರು. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಹುಟ್ಟಿದ ಮಾದರಿ 1970ರ ದಶಕದಲ್ಲಿ ಕರ್ನಾಟಕಕ್ಕೆ ಬಂತು. 1974ರಲ್ಲಿ ಡೇರಿ ಅಭಿವೃದ್ಧಿ ನಿಗಮ, 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳ. ನಂದಿನಿ ಎಂಬ ಹೆಸರು ಮನೆಮನೆಗೂ ಬಂತು. ಇಂದು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಳ್ಳಿಯ ಸಂಘಗಳು, ಇಪ್ಪತ್ತು ಲಕ್ಷಕ್ಕೂ ಮಿಕ್ಕ ಸದಸ್ಯರು.

ಡೇರಿಯ ಎದುರು ಬೆಳಗಿನ ಸಾಲು ನೋಡಿದವರಿಗೆ ಈ ಅಂಕಿಗಳ ಅರ್ಥ ತಿಳಿಯುತ್ತದೆ. ಹತ್ತು ಲೀಟರಿನ ಕ್ಯಾನು ತಂದವರೂ ಅದೇ ಸಾಲಿನಲ್ಲಿ, ಒಂದೂವರೆ ಲೀಟರಿನ ತಂಬಿಗೆ ತಂದ ಮುದುಕಿಯೂ ಅದೇ ಸಾಲಿನಲ್ಲಿ. ಹಾಲಿನ ಕೊಬ್ಬು ಎಷ್ಟು, ಉಳಿದ ಘನಾಂಶ ಎಷ್ಟು ಎಂದು ಯಂತ್ರ ಹೇಳುತ್ತದೆ. ಅದಕ್ಕೆ ತಕ್ಕ ಬೆಲೆ. ಯಾರ ಮನೆಯ ಹಾಲು ಎಂದು ಆ ಯಂತ್ರ ಕೇಳುವುದಿಲ್ಲ. ಎಲ್ಲ ಮನೆಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟದ ಊರುಗಳಲ್ಲಿ ಇದೇನು ಸಣ್ಣ ಸಂಗತಿಯಲ್ಲ, ಆದರೂ ಹಾಲು ಬೆರೆತ ಎಲ್ಲ ಕಡೆ ಮನುಷ್ಯರೂ ಬೆರೆತರೆಂದು ಹೇಳುವಂತಿಲ್ಲ. ಹೊಲವಿಲ್ಲದ ಹೆಂಗಸಿಗೂ ಒಂದು ಹಸುವಿದ್ದರೆ ಸದಸ್ಯತ್ವವಿತ್ತು, ಕೈಗೆ ಸ್ವಂತ ದುಡ್ಡಿತ್ತು. 1905ರ ಸಂಘ ಭೂಮಿಯಿಲ್ಲದವರನ್ನು ಹೊರಗಿಟ್ಟಿತ್ತು. ಹಾಲಿನ ಸಂಘ ಅವರನ್ನು ಒಂದು ಹಸುವಿನ ಜೊತೆಗೆ ಒಳಗೆ ಕರೆಯಿತು. ಕರಾವಳಿಯಲ್ಲಿ ಅಡಕೆಯ ಬೆಲೆ ನೆಲ ಕಚ್ಚಿದಾಗ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಇದೇ ಕಾಲದ ಮಾತು. ಭಾಷೆಯ ಗಡಿ ಎಳೆದು ಬೇರೆ ಮಾಡಿದ್ದ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೆಳೆಗಾರರನ್ನು ಅಡಕೆಯ ಚೀಲ ಒಂದು ಮಾಡಿತು. 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆದು, ಕೋಕೋ ಕೊಳ್ಳುವ ಕಂಪನಿಗಳ ಮರ್ಜಿಗೆ ಕಾಯಬೇಕಿಲ್ಲ ಎಂದು ತೋರಿಸಿತು.

ತೊಂಬತ್ತರ ದಶಕದಲ್ಲಿ ರೈತ ಸಂಘದವರು ಬೇರೆ ದನಿಯಲ್ಲಿ ಮಾತಾಡಿದರು. 1992ರ ಕೊನೆಯಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು, 1996ರಲ್ಲಿ ವಿದೇಶಿ ಕೋಳಿಯಂಗಡಿಯ ವಿರುದ್ಧ ನಿಂತರು. ನಂಜುಂಡಸ್ವಾಮಿಯವರ ಬೀಜದ ಪ್ರಶ್ನೆ ದೊಡ್ಡ ಪ್ರಶ್ನೆಯೇ. ಒಲ್ಲೆ ಎನ್ನುವುದಕ್ಕೂ ಧೈರ್ಯ ಬೇಕು. ಆದರೆ ಒಲ್ಲೆ ಎಂದ ಮರುದಿನ ಬೆಳಿಗ್ಗೆ ಹಾಲು ಕರೆಯಬೇಕು, ಅದನ್ನು ಎಲ್ಲಿಗಾದರೂ ಹಾಕಬೇಕು. 2023ರಲ್ಲಿ ಅಮುಲ್ ಬೆಂಗಳೂರಿನಲ್ಲಿ ತಾಜಾ ಹಾಲು ಮಾರುತ್ತದೆಂಬ ಸುದ್ದಿ ಬಂದಾಗ ಇಡೀ ರಾಜ್ಯ ನಂದಿನಿಯ ಪರವಾಗಿ ಮಾತಾಡಿತು. ಜಗಳವಾದದ್ದು ಎರಡು ಸಹಕಾರಿ ಸಂಸ್ಥೆಗಳ ನಡುವೆ ಎಂಬುದು ಹಲವರಿಗೆ ಮುಜುಗರವೆನಿಸಿತು. ನನಗೆ ಅದರಲ್ಲಿ ಬೇರೊಂದು ಕಂಡಿತು: ಜನ ತಮ್ಮದೆಂದು ಹೇಳಿಕೊಂಡು ಕಾಯಲು ಹೊರಟದ್ದು ಒಂದು ಕಂಪನಿಯನ್ನಲ್ಲ, ಇಪ್ಪತ್ತು ಲಕ್ಷ ಹಟ್ಟಿಗಳನ್ನು.

ಸಹಕಾರದ ಹೆಸರಿನಲ್ಲಿ ನಡೆದ ಕೇಡನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೆಂಗಳೂರಿನ ಉತ್ತರದ ಹಳ್ಳಿಗಳಲ್ಲಿ ಸಹಕಾರ ಸಂಘ ಎಂಬ ಬೋರ್ಡು ನೋಡಿದರೆ ಕೆಲವರಿಗೆ ಹಾಲು ನೆನಪಾಗುತ್ತದೆ, ಇನ್ನು ಕೆಲವರಿಗೆ ಸೈಟು. ಗೃಹನಿರ್ಮಾಣ ಸಹಕಾರ ಸಂಘಗಳಿಗಾಗಿ ಸರ್ಕಾರ ರೈತರ ಭೂಮಿಯನ್ನು ವಶಪಡಿಸಿಕೊಂಡದ್ದು, ನಡುವೆ ದಲ್ಲಾಳಿಗಳು ಕೈಯಾಡಿಸಿದ್ದು, ಅಂಥ ಒಂದು ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಭೂಸ್ವಾಧೀನವನ್ನೇ ಅನೂರ್ಜಿತವೆಂದದ್ದು ಎಲ್ಲವೂ ದಾಖಲೆಯಲ್ಲಿದೆ. 2020ರ ಜನವರಿಯಲ್ಲಿ ನಗರದ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಮುದುಕರು ಬಾಗಿಲ ಮುಂದೆ ನಿಂತ ಚಿತ್ರಗಳು ಇನ್ನೂ ಕಣ್ಣ ಮುಂದಿವೆ. ಎರಡೂ ಕಡೆ ಒಂದೇ ಪಾಠವಿದೆ. ಸದಸ್ಯರು ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದಷ್ಟು ಚದುರಿದಾಗ, ವಾರ್ಷಿಕ ಸಭೆ ಕೇಸರಿಬಾತು ತಿಂದು ಸಹಿ ಹಾಕುವ ಸಮಾರಂಭವಾದಾಗ, ಸಂಘದ ಹೆಸರು ಉಳಿದು ಸಂಘ ಹೋಗಿರುತ್ತದೆ. ಕಣಗಿನಹಾಳದ ಕಾಲದ ಮಿತಿಯಿಲ್ಲದ ಹೊಣೆ ಕ್ರೂರವಾಗಿ ಕಂಡರೂ, ಲೆಕ್ಕದ ಪುಸ್ತಕ ತೆರೆದು ನೋಡುವಂತೆ ಪ್ರತಿಯೊಬ್ಬನನ್ನೂ ಅದು ಒತ್ತಾಯಿಸುತ್ತಿತ್ತು.

ಈಗ ಸೋಲದೇವನಹಳ್ಳಿಯ ಕಡೆಗೆ ನೋಡೋಣ. ಅರ್ಕಾವತಿಯನ್ನು ನಂಬಿಕೊಂಡಿದ್ದ ನಗರ 1933ರಲ್ಲಿ ತಿಪ್ಪಗೊಂಡನಹಳ್ಳಿಗೆ ಹೋಯಿತು, 1974ರಲ್ಲಿ ಕಾವೇರಿಗೆ ಹೋಯಿತು. ಒಂದು ಕಾಲಕ್ಕೆ ನಗರವನ್ನೇ ಸಾಕಿದ ಹೆಸರಘಟ್ಟದ ಕೆರೆ ದಶಕಗಟ್ಟಲೆ ಒಣಗಿ ನಿಂತದ್ದನ್ನು ನಾವೇ ಕಂಡಿದ್ದೇವೆ. ನೀರು ಕೊಟ್ಟ ದಾರಿಯಲ್ಲೇ ನಗರ ತಾನೇ ನಡೆದುಬಂತು. ಕಾಲೇಜುಗಳು ಬಂದವು, ವಿದ್ಯಾರ್ಥಿಗಳ ಪಿ.ಜಿ.ಗಳು ಬಂದವು, ಅಪಾರ್ಟ್‌ಮೆಂಟುಗಳು ಬಂದವು. ಟ್ಯಾಂಕರಿನಲ್ಲಿ ನೀರು ಬಂತು; ನೀರು ಕಳಿಸಿದ ಸೀಮೆಯಲ್ಲೇ ನೀರನ್ನು ಕೊಂಡುಕೊಳ್ಳುವಂತಾಯಿತು. ಎಕರೆಯ ಲೆಕ್ಕದಲ್ಲಿದ್ದ ನೆಲ ಗುಂಟೆಗೆ, ಗುಂಟೆಯಿಂದ ಚದರಡಿಗೆ ಇಳಿಯಿತು. ರಾಗಿ ಬೆಳೆದರೆ ಏನು ಬರುತ್ತದೆ, ಮಾರಿದರೆ ಏನು ಬರುತ್ತದೆ ಎಂಬ ಲೆಕ್ಕವನ್ನು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ವ್ಯವಸಾಯಗಾರರಲ್ಲದವರು, ಹೆಚ್ಚಿನ ಬೇರೆ ಆದಾಯವಿದ್ದವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಉಳಿದಿದ್ದ ಸಣ್ಣ ಬೇಲಿಯೂ ಬಿತ್ತು.

ಹೊಲ ಹೋದರೆ ಮೇವು ಹೋಗುತ್ತದೆ, ಗೋಮಾಳ ಬಡಾವಣೆಯಾದರೆ ಹಸು ಹೋಗುತ್ತದೆ, ಹಸು ಹೋದರೆ ಡೇರಿಯ ಸಾಲು ಮೋಟಾಗುತ್ತದೆ. ಸರ್ಕಾರ ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಟ್ಟರೂ ಚದರಡಿಯ ಬೆಲೆಯೆದುರು ಅದು ನಿಲ್ಲಲಾರದು. ಎಷ್ಟೇ ಚೆನ್ನಾಗಿ ನಡೆಸಿದ ಹಾಲಿನ ಸಂಘವೂ ಈ ರೀತಿ ಸಾಯಬಹುದು. ಅಲ್ಲಿ ಯಾರ ಕಳ್ಳತನವೂ ಇಲ್ಲ, ಯಾರ ಸೋಮಾರಿತನವೂ ಇಲ್ಲ. ಕಾಫಿ ಹೌಸಿಗೆ ಆದದ್ದೇ ಇದು.

ಇಷ್ಟು ಚರಿತ್ರೆಯಿಂದ ನನಗೆ ತಿಳಿಯುವುದು ಹೀಗಿದೆ. ಕೆರೆಯ ಕಾಲದವರು ನೀರನ್ನು ಹಂಚಿಕೊಂಡರು, ಮನುಷ್ಯರನ್ನು ಸಮ ಮಾಡಲಿಲ್ಲ. 1905ರವರು ಓಟನ್ನು ಸಮ ಮಾಡಿದರು, ಭೂಮಿಯನ್ನು ಮುಟ್ಟಲಿಲ್ಲ. ಯಲವಾಲದವರು ಭೂಮಿಯನ್ನು ಊರಿನದಾಗಿಸುವ ಮಾತಾಡಿದರು, ಅದಕ್ಕೆ ರಿಜಿಸ್ಟರು ಇಡಲಿಲ್ಲ. 1974ರವರು ರಿಜಿಸ್ಟರು ತಿದ್ದಿದರು, ಆದರೆ ಒಂಟಿ ಒಡೆಯನನ್ನು ಒಂಟಿಯಾಗಿಯೇ ಬಿಟ್ಟರು. ಹಾಲಿನವರು ಬೆಲೆಯನ್ನು ಹಂಚಿಕೊಂಡರು, ಹುಲ್ಲನ್ನು ಹಂಚಿಕೊಳ್ಳಲು ಮರೆತರು. ಪ್ರತಿಯೊಂದು ಬದಲಿಯೂ ಇನ್ನೊಂದು ಬದಲಿ ಎಲ್ಲಿ ನಿಂತಿತೋ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟಿದೆ, ಮತ್ತು ಪ್ರತಿಯೊಂದೂ ಒಂದು ಕಾಲನ್ನು ಹಿಂದೆಯೇ ಬಿಟ್ಟಿದೆ. ಆದ್ದರಿಂದ ಬೇರೆ ದಾರಿಯಿಲ್ಲ ಎಂಬ ಮಾತು ಚರಿತ್ರೆಯಲ್ಲ. ದಾರಿಗಳಿದ್ದವು, ಅವು ಒಂದನ್ನೊಂದು ಕೂಡಲಿಲ್ಲ ಎಂಬುದು ಚರಿತ್ರೆ.

ಕೂಡಿಸುವ ಕೆಲಸ ಹೇಗಿರಬಹುದು? ಹಾಲಿನ ಸಂಘಕ್ಕೆ ಗೋಮಾಳದ ಹುಲ್ಲಿನ ಹಕ್ಕನ್ನು ಕೊಟ್ಟರೆ, ಆ ನೆಲವನ್ನು ಯಾವ ಅಧ್ಯಕ್ಷನೂ ಯಾವ ಮಂತ್ರಿಯೂ ಮಾರಲಾಗದಂತೆ ಕಟ್ಟಿಹಾಕಿದರೆ, ಕೆರೆಯ ಕೆಳಗಿನವರು ಹಿಂದಿನಂತೆ ನೀರಿನ ಸಂಘ ಮಾಡಿಕೊಂಡು ಈ ಸಲ ಎಲ್ಲ ಕೇರಿಗೂ ಓಟು ಕೊಟ್ಟರೆ, ಕೊಳಾಯಿಯ ನೀರು ಕುಡಿಯುವ ನಗರ ಅದು ಬಂದ ಹಳ್ಳಿಗೆ ಒಂದು ಪಾಲನ್ನು ಕಣದ ಪಾಲಿನಂತೆ ಹಿಂದಿರುಗಿಸಿದರೆ. ಇದರಲ್ಲಿ ಕೇಳರಿಯದ್ದು ಒಂದೂ ಇಲ್ಲ. ಎಲ್ಲವೂ ಈ ನಾಡಿನಲ್ಲಿ ಎಂದೋ ಒಮ್ಮೆ, ಬಿಡಿಬಿಡಿಯಾಗಿ, ನಡೆದಿದೆ, ಇಲ್ಲವೇ ನಡೆಯಬೇಕೆಂದು ಯಾರೋ ದೊಡ್ಡವರು ಕೂತು ಒಪ್ಪಿದ್ದಾರೆ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶ ಮಾಡಲು 2024ರಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ಒಪ್ಪಿತು. ಹಕ್ಕಿಗಳಿಗೆ ಅಲ್ಲಿ ಜಾಗ ಉಳಿಯುವುದು ಸಂತೋಷದ ವಿಷಯವೇ. ಹುಲ್ಲು ಕಾಯುವವರ ಪಟ್ಟಿಯಲ್ಲಿ ಸುತ್ತಲಿನ ಹಳ್ಳಿಗಳ ಹಸು ಕಟ್ಟಿದವರ ಹೆಸರೂ ಇರಬೇಕೆಂದು ಕೇಳುವುದಕ್ಕೆ ಈಗ ಹೊತ್ತಿದೆ. ನಾಳೆ ಇರುತ್ತದೆಯೋ ಹೇಳಲಾರೆ.

ಕಣಗಿನಹಾಳದ ರೈತರು ಬಂಡವಾಳಶಾಹಿಯ ಅಂತ್ಯಕ್ಕಾಗಿ ಕಾಯಲಿಲ್ಲ. ಅದರ ಹೆಸರನ್ನೂ ಅವರಲ್ಲಿ ಹೆಚ್ಚಿನವರು ಕೇಳಿರಲಾರರು. ಮುಂದಿನ ಮುಂಗಾರಿಗೆ ಬೀಜಕ್ಕೆ ದುಡ್ಡು ಬೇಕಿತ್ತು, ಸಾಹುಕಾರನ ಬಾಗಿಲಿಗೆ ಹೋಗಲು ಮನಸ್ಸಿರಲಿಲ್ಲ, ಪಕ್ಕದಲ್ಲಿ ನಂಬಬಹುದಾದ ಕೆಲವರಿದ್ದರು. ಇಡೀ ಲೋಕವನ್ನು ಬೇರೆಯಾಗಿ ಕಲ್ಪಿಸಿಕೊಳ್ಳುವುದು ಯಾವಾಗಲೂ ಕಷ್ಟ. ಹತ್ತು ಮಂದಿಯನ್ನು ಕಲ್ಪಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ; ಅವರು ಕೂತು ಮಾತಾಡುವುದಕ್ಕೆ ಊರಿನಲ್ಲಿ ಯಾರೂ ಮಾರದ ಒಂದು ತುಂಡು ನೆಲ ಉಳಿದಿದ್ದರೆ ಸಾಕು.